ಬುಡದ ಚಿಗುರು

ಮುಜೀಬನ ಗರಗಸದ ಯಂತ್ರ ಒಣಮಾವಿನ ಬೊಡ್ಡೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡು ಗುರುಗುಟ್ಟಿ ನಿಂತಿತು. ಅವನು ಅದನ್ನು ಹೊರಕ್ಕೆಳೆದು, ಹಲ್ಲುಗಳ ನಡುವೆ ಕೂತ ಹೊಟ್ಟನ್ನು ಊದಿ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ.

"ನಿಂತಲ್ಲೇ ಒಣಗಿ ಕಬ್ಬಿಣ ಆಗ್ಬುಟ್ಟೈತೆ ಹುಚ್ಚಯ್ಯಣ್ಣ. ಬುಡ ಇರ್ಲಿ ಬಿಡಿ, ಮೇಲಿನ ಸೌದೆನೇ ಸಾಕಾಯ್ತದೆ."

"ಕುಯ್ಯಿ ಕುಯ್ಯಿ. ಮಣ್ಣು ಬಗೆದು ಕೊಟ್ಟಿಲ್ವಾ? ನೆಲದ ಮಟ್ಟಕ್ಕೆ ಕುಯ್ಯಿ. ಒಂದು ಸಿಬಿರೂ ಉಳೀಬಾರ್ದು ಅಂದವ್ನೆ ಲಿಂಗಯ್ಯ," ಎಂದ ಹುಚ್ಚಯ್ಯ. ಸತ್ತ ಲಿಂಗಯ್ಯನಿಗೂ ಅವನಿಗೂ ಅರುವತ್ತು ವರ್ಷಗಳ ಗೆಳೆತನ. ಬೆಳಗಿನಿಂದ ಆತ ಅತ್ತಿರಲಿಲ್ಲ. ಎಲ್ಲರ ಮೇಲೂ ರೇಗುತ್ತಿದ್ದ.

"ನಿಮ್ಮೋರು ಮಣ್ಣು ಮಾಡೋದಲ್ವಾ? ಸುಡೋದು ಯಾಕೆ ಬಂತು?"

"ಅದ್ನ ಅವ್ನನ್ನೇ ಕೇಳ್ಬೇಕಿತ್ತು ಕಣ್ಲಾ. ಅಪ್ಪ, ತಾತ, ಮುತ್ತಾತ ಎಲ್ಲಾ ಆ ಬೇಲಿ ಮಗ್ಗುಲಲ್ಲೇ ಮಲಗವ್ರೆ. ಇವ್ನೊಬ್ಬ, ನನ್ನ ಸುಡ್ರಿ, ನನ್ನ ಮರದಲ್ಲೇ ಸುಡ್ರಿ ಅಂತ ಮಗನ ಕೈಲಿ ಭಾಷೆ ತಕೊಂಡವ್ನೆ. ಬದುಕಿರೋವಾಗ ಒಬ್ರ ಮಾತು ಕೇಳ್ದೋನಲ್ಲ, ಈಗ ಕೇಳ್ತಾನಾ?"

ಕಲ್ಲಿನ ಮೇಲೆ ಕೂತಿದ್ದ ಒಂದಿಬ್ಬರು ನಕ್ಕು, ನಕ್ಕದ್ದು ಸರಿಯಲ್ಲವೆಂದು ಸುಮ್ಮನಾದರು. ಯಂತ್ರ ಮತ್ತೆ ಕೂಗತೊಡಗಿತು.

ಉಯ್ಯಂಬಳ್ಳಿಯ ಕಡೆಯ ಆ ಸಣ್ಣ ಹಳ್ಳಿಯಲ್ಲಿ ಲಿಂಗಯ್ಯನಿಗೆ ಇದ್ದುದು ಒಂದೆಕರೆ ನೆಲ, ಒಂದು ಕಸಿಚಾಕು. ಆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕನಕಪುರ, ಮಾಗಡಿ, ರಾಮನಗರದ ತೋಟಗಳನ್ನೆಲ್ಲ ಐವತ್ತು ವರ್ಷ ಸುತ್ತಿ, ಕೂಲಿಗೆ ಕಸಿ ಕಟ್ಟಿದ. ವಾಟೆಯಿಂದ, ಎಂದರೆ ಮಾವಿನ ಗೊರಟೆಯಿಂದ, ಹುಟ್ಟಿದ ಹುಳಿಗಿಡದ ತಲೆಯನ್ನು ತೆಗೆದು, ಅದರ ಸೀಳಿನಲ್ಲಿ ಒಳ್ಳೆಯ ಮರದ ಕುಡಿಯನ್ನು ಕೂರಿಸಿ ಬಿಗಿಯುವುದಷ್ಟೇ ಅವನ ವಿದ್ಯೆ. ಹಣ್ಣು ತಿಂದವರು ತೋಟದ ಒಡೆಯನನ್ನು ಹೊಗಳಿದರು. ಕಟ್ಟಿದವನ ಹೆಸರನ್ನು ಯಾರೂ ಕೇಳಲಿಲ್ಲ. ಅರುವತ್ತೇಳನೆಯ ವಯಸ್ಸಿನಲ್ಲಿ, ಅವನ ಹೊಲದ ಈ ಒಂದು ಮರದ ದೆಸೆಯಿಂದ, ಒಂದು ಮಾವಿಗೆ 'ಲಿಂಗಯ್ಯ' ಎಂಬ ಹೆಸರು ಬಂತು. ಈಗ ಎಪ್ಪತ್ತೊಂದಕ್ಕೆ ಅವನು ತೀರಿಕೊಂಡಿದ್ದ.

ಹೆಸರು ಕೊಟ್ಟವಳು ಅಮೂಲ್ಯ. ಕನಕಪುರದ ಬಸ್ಸಿಳಿದು, ಸುಗಂಧರಾಜದ ಹಾರವನ್ನು ಎರಡು ಕೈಯಲ್ಲಿ ಹಿಡಿದು, ಅವಳು ಹೊಲದ ಬದುವಿನ ಮೇಲೆ ಬರುತ್ತಿದ್ದಳು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲವಿತ್ತು. ಸಾವಿನ ಸುದ್ದಿ ಬಂದಾಗ ಕೆಲಸಕ್ಕೆಂದು ಹೊರಟವಳು ಹಾಗೆಯೇ ಬಂದಿದ್ದಳು. ಲಿಂಗಯ್ಯನ ಮಗ ಪ್ರಕಾಶ್ ಓಡಿಬಂದು ಹಾರವನ್ನು ಇಸಿದುಕೊಂಡ.

"ನಮ್ಮಪ್ಪನ ಮಾವು ಕಂಡುಹಿಡಿದ ಮೇಡಂ ಇವ್ರೇಯ. ಒಸಿ ದಾರಿ ಬುಡ್ರಪ್ಪ," ಎಂದು ಜನರಿಗೆ ಹೇಳಿದ. ಹಾರೋಹಳ್ಳಿಯ ಕಾರ್ಖಾನೆಯ ನೀಲಿ ಅಂಗಿ ಇನ್ನೂ ಅವನ ಮೈಮೇಲಿತ್ತು.

ಅಮೂಲ್ಯ ಗರಗಸಕ್ಕೆ ಸಿಕ್ಕಿದ್ದ ಬೊಡ್ಡೆಯನ್ನೇ ನೋಡುತ್ತ ನಿಂತಳು.

•

ಈ ಸೀಮೆಯ ಬಾದಾಮಿ ಮಾವಿಗೆ ಒಂದು ಶಾಪವಿದೆ. ಹೊರಗೆ ಹೊನ್ನಿನ ಬಣ್ಣ, ಊರೆಲ್ಲ ಕಂಪು. ಕೊಯ್ದರೆ ಒಳಗಿನ ತಿರುಳು ಬಿಳಿಚಿ, ಸ್ಪಂಜಿನಂತೆ ಟೊಳ್ಳಾಗಿರುತ್ತದೆ. ಕೊಯ್ಯುವ ತನಕ ಯಾರಿಗೂ ತಿಳಿಯದು. ಲಿಂಗಯ್ಯನ ಹೊಲದ ಮರವೊಂದರ ಹಣ್ಣು ಮಾತ್ರ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಈ ಮಾತು ಕಿವಿಯಿಂದ ಕಿವಿಗೆ ಹೋಗಿ, ಹಣ್ಣಿನ ಬೆಳೆಗಳ ಸಂಶೋಧನಾ ಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಅಮೂಲ್ಯಳನ್ನು ಮುಟ್ಟಿತು.

ಅವಳ ಕೆಲಸ ಮಣ್ಣಿನಲ್ಲಲ್ಲ, ಗಣಕಯಂತ್ರದಲ್ಲಿ. ಒಂದು ಎಲೆಯೊಳಗೆ ಆ ಮರದ ಸಮಸ್ತ ಸ್ವಭಾವವೂ ಡಿಎನ್‌ಎಯ ನಾಲ್ಕೇ ಅಕ್ಷರಗಳಲ್ಲಿ ಬರೆದಿರುತ್ತದೆ. ಮಾವಿನದಾದರೆ ಸುಮಾರು ನಲವತ್ತು ಕೋಟಿ ಅಕ್ಷರ. ಯಂತ್ರವು ಅವನ್ನು ಚೂರುಚೂರಾಗಿ ಓದಿಕೊಡುತ್ತದೆ. ಆ ಚೂರುಗಳನ್ನು ಜೋಡಿಸಿ, ಒಂದು ಮರದ ಪಾಠವನ್ನು ಇನ್ನೊಂದರ ಪಕ್ಕದಲ್ಲಿಟ್ಟು, ಎಲ್ಲಿ ಅಕ್ಷರ ಬದಲಾಗಿದೆ ಎಂದು ಹುಡುಕುವುದು ಅವಳ ವೃತ್ತಿ. ಹಳೆಯ ಓಲೆಗರಿಗಳ ಪ್ರತಿಗಳನ್ನು ಮುಂದೆ ಹರಡಿಕೊಂಡು ಪಾಠಾಂತರಗಳನ್ನು ಗುರುತಿಸುವ ಪಂಡಿತನ ಶ್ರಮಕ್ಕೂ ಈ ಶ್ರಮಕ್ಕೂ ಹೆಚ್ಚಿನ ಭೇದವಿಲ್ಲ. ಬಾದಾಮಿಯ ಮರಗಳೆಲ್ಲ ಕಸಿಯಿಂದ ಆದವಾದ್ದರಿಂದ ಅವೆಲ್ಲ ಒಂದೇ ಗ್ರಂಥದ ಪ್ರತಿಗಳು. ನೂರು ಮರಗಳನ್ನು ಓದಿದರೂ ಅಕ್ಷರಗಳು ಬಹುಮಟ್ಟಿಗೆ ಅವೇ.

ಅವಳು ಲಿಂಗಯ್ಯನಿಗೆ ಮಂಜುಗಡ್ಡೆಯ ಡಬ್ಬಿಯನ್ನು ಕೊಟ್ಟು ಹೇಳಿದ್ದಳು: "ಬಲಿತ ಎಲೆ ಬೇಡ ತಾತ, ಅದರಲ್ಲಿ ಸೊನೆ ಜಾಸ್ತಿ. ಎಳೇದು, ಕೆಂಪಗಿರೋ ಚಿಗುರು ಮಾತ್ರ. ಬಿಸಿಲೇರೋ ಮುಂಚೆ ಕಿತ್ತು ಬಸ್ಸಿಗೆ ಹಾಕಿ."

ಡಬ್ಬಿ ಬಂತು. ಐದು ತಿಂಗಳಾದ ಮೇಲೆ ಫಲಿತಾಂಶವೂ ಬಂತು. ನೂರು ಬಾದಾಮಿಗಳ ನಡುವೆ ಆ ಎಲೆ ಒಂಟಿಯಾಗಿ ನಿಂತಿತ್ತು. ಅದರ ಪಾಠವೇ ಬೇರೆ. ಅಮೂಲ್ಯ ಮೂರು ಸಲ ಲೆಕ್ಕ ಹಾಕಿ ನೋಡಿದಳು, ಮೂರು ಸಲವೂ ಅದೇ. ಆ ಶನಿವಾರವೇ ಅವಳು ಇಲ್ಲಿಗೆ ಬಂದು, ಮರದ ನೆರಳಿನಲ್ಲಿ ಕೂತು, ಒಂದೇ ಉಸಿರಿನಲ್ಲಿ ಹೇಳಿದ್ದಳು.

"ತಾತ, ನಿಮ್ಮ ಮರ ಬಾದಾಮಿನೇ ಅಲ್ಲ. ಯಾರೂ ಕಟ್ಟಿದ ಮರ ಅಲ್ಲ ಇದು. ವಾಟೆಯಿಂದ ತಾನಾಗೇ ಹುಟ್ಟಿದ ಹೊಸ ತಳಿ. ಪ್ರಪಂಚದಲ್ಲಿ ಇದೊಂದೇ ಇರೋದು."

ಲಿಂಗಯ್ಯ ಮರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಅದೆಂಗಾದದವ್ವಾ? ಇದು ಬಾದಾಮಿನೇಯ. ನಾನೇ ಕಟ್ಟಿದ್ದು. ನಮ್ಮಪ್ಪ ಹಿಡ್ಕೊಂಡಿದ್ದ, ನಾನು ಬಾಳೆ ನಾರಲ್ಲಿ ಬಿಗಿದೆ. ನಂಗಾಗ ಇಪ್ಪತ್ತು ತುಂಬಿತ್ತೋ ಇಲ್ವೋ."

ಅಮೂಲ್ಯ ನಕ್ಕಳು. ಅದು ಅವಹೇಳನದ ನಗುವಲ್ಲ, ಗೆದ್ದವರ ನಗು.

"ನೀವು ಸಾವಿರಾರು ಗಿಡ ಕಟ್ಟಿದೀರಿ ತಾತ. ಬೇರೆ ಯಾವುದೋ ಗಿಡದ ನೆನಪು ಇದಕ್ಕೆ ಬಂದು ಸೇರ್ಕೊಂಡಿದೆ. ಕಂಪ್ಯೂಟರ್‌ಗೆ ಮರೆವು ಇಲ್ಲ."

ಮುದುಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಇರ್ಬೋದು ಕಣವ್ವ. ನೀವು ಓದ್ದೋರು," ಎಂದ.

•

ಹೆಣವನ್ನು ಮನೆಯ ಮುಂದಿನ ಚಪ್ಪರದಡಿಯಲ್ಲಿ ಮಲಗಿಸಿದ್ದರು. ತಮಟೆಯವರು ಬಿಸಿಲಿಗೆ ತಮಟೆ ಕಾಯಿಸುತ್ತಿದ್ದರು. ಅಮೂಲ್ಯ ಹಾರ ಹಾಕಿ, ಪಾದಕ್ಕೆ ನಮಸ್ಕರಿಸಿ, ಲಿಂಗಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮನ ಪಕ್ಕದಲ್ಲಿ ಕೂತಳು. ಮುದುಕಿ ಅವಳ ಕೈಯನ್ನು ಹಿಡಿದುಕೊಂಡು, ಅಳುವಿಗೂ ಮಾತಿಗೂ ನಡುವಿನ ಒಂದು ರಾಗದಲ್ಲಿ ಹೇಳತೊಡಗಿದಳು.

"ನೋಡವ್ವಾ, ನಿನ್ ತಾತ ಎಂಗೆ ಮಲಗವ್ನೆ. ನೀನು ಬಂದ್ರೆ ಎದ್ದು ಕೂರ್ತಿದ್ದ, ನಡ ಹಿಡ್ಕೊಂಡಿದ್ರೂ ಎದ್ದು ಕೂರ್ತಿದ್ದ. ಅವತ್ತು ಬದಿನ ಮೇಲಿಂದ ಬಿದ್ನಲ್ಲ, ಅಲ್ಲಿಂದ ಅವ್ನ ನಡ ನೆಟ್ಟಗಾಗ್ನೇ ಇಲ್ಲ."

"ಯಾವತ್ತು ಬಿದ್ದಿದ್ದು ಅಜ್ಜಿ? ನನಗೆ ಹೇಳಲೇ ಇಲ್ಲ."

"ನಿಂಗೆ ಹೇಳ್ಬ್ಯಾಡ ಅಂದ. ನೀನು ಮಂಜಿನ ಡಬ್ಬಿ ಕೊಟ್ಟು ಹೋದೆಯಲ್ಲ, ಅದ್ರ ಮಾರ್ನೇ ದಿನ. ಮೇಡಮ್ಮೋರು ಕಾಯ್ಕೊಂಡಿರ್ತಾರೆ, ನೀನೇ ಕಿತ್ತು ಕಳಿಸ್ಬುಡು ಅಂದ. ನಾನೆಲ್ಲಿ ಹತ್ಲವ್ವಾ, ಈ ವಯಸ್ಸಲ್ಲಿ? ನಾನೇ ಕಿತ್ತು, ನಾನೇ ಬಸ್ಸಿಗೆ ಹಾಕಿ ಬಂದೆ."

ಅಮೂಲ್ಯ ಮುದುಕಿಯ ಮುಖದ ಕಡೆ ಬಗ್ಗಿದಳು.

"ಎಲ್ಲಿಂದ ಕಿತ್ತಿರಿ ಅಜ್ಜಿ?"

"ಬುಡದಲ್ಲಿ. ಎಳೇದು, ಕೆಂಪಂದು ಬೇಕು ಅಂದಿದ್ಯಂತಲ್ಲ. ಮೇಲೆಲ್ಲ ಕರಗೆ ಬಲ್ತ್ಬುಟ್ಟಿತ್ತು. ಬುಡದಲ್ಲಿ, ಬೊಡ್ಡೆ ಗಂಟಿನ ಕೆಳಗೆ, ಎಂಥಾ ಚಿಗುರು ಅಂತೀಯ! ತಾಮ್ರದಂಗೆ ಹೊಳೀತಿತ್ತು. ಅದನ್ನೇ ಮಡಿಲು ತುಂಬ ಕಿತ್ತೆ." ಮುದುಕಿ ಮೂಗೊರೆಸಿಕೊಂಡಳು. "ನನ್ನ ಕೈಯೆಲೆಗೆ ಅಲ್ವಾ ಆ ಹೆಸರು ಬಂದಿದ್ದು? ಅವ್ನಿಗೂ ಅದನ್ನೇ ಹೇಳ್ದೆ. ನೀನು ಹೊಸ ಮರ ಅಂತ ಹೇಳಿ ಹೋದ ರಾತ್ರಿ, ಎಲ್ಲಿಂದ ಕಿತ್ತೆ ಅಂತ ಅವ್ನೂ ಹಿಂಗೇ ಕೇಳ್ದ. ಹೇಳ್ದೆ. ಉಣ್ಣದೆ ಮಲಿಕ್ಕೊಂಡ. ಖುಸಿಗೆ ಹಸಿವು ಸತ್ತೋಯ್ತೇನೋ."

ಕಸಿಯ ಗಂಟಿನ ಕೆಳಗೆ ಚಿಗುರುವುದು ಮೇಲಿನ ಮರವಲ್ಲ. ಅದು ಕೆಳಗಿನ ವಾಟೆಗಿಡ. ಯಾರೋ ತಿಂದೆಸೆದ ಹುಳಿಹಣ್ಣಿನ ಬೀಜದಿಂದ ಹುಟ್ಟಿ, ಬೇರು ಕೊಡುವುದಕ್ಕಷ್ಟೇ ಉಳಿಸಿಕೊಂಡ ಅನಾಮಧೇಯ ಸಸಿ. ಒಂದೇ ಬೊಡ್ಡೆಯಲ್ಲಿ ಸುಮಾರು ಐವತ್ತು ವರ್ಷ ಕೂಡಿ ಬಾಳಿದರೂ ಕೆಳಗಿನದರ ಅಕ್ಷರ ಮೇಲಕ್ಕೆ ಹೋಗದು, ಮೇಲಿನದು ಕೆಳಕ್ಕೆ ಇಳಿಯದು. ಕಸಿ ಕಟ್ಟುವ ಯಾವನಿಗೂ ಇದು ಗೊತ್ತು. ಅಮೂಲ್ಯಳಿಗೂ ಗೊತ್ತಿತ್ತು. ಎಲೆ ಎಲ್ಲಿಯದೆಂದು ಕೇಳುವುದನ್ನು ಮಾತ್ರ ಅವಳು ಮರೆತಿದ್ದಳು.

ತಾನು ಐದು ವರ್ಷ ಓದಿದ್ದು ಆ ಅನಾಮಧೇಯವನ್ನು. ಹಣ್ಣು ಕೆಡದ ಮರವನ್ನು ಯಾರೂ ಓದಿಯೇ ಇಲ್ಲ.

ಅಂಗಳದ ಆಚೆಯಿಂದ ಗರಗಸದ ಸದ್ದು ನಿಂತು, ಬೊಡ್ಡೆ ಉರುಳಿದ ಸದ್ದು ಕೇಳಿತು.

•

ಲಿಂಗಯ್ಯ ಒಮ್ಮೆ ಅವಳ ಕೇಂದ್ರಕ್ಕೆ ಬಂದಿದ್ದ. ಮೂರು ವರ್ಷದ ಹಿಂದೆ, ಆಷಾಢದ ಒಂದು ಮಧ್ಯಾಹ್ನ. ಕೋಲೂರಿಕೊಂಡು, ಎರಡು ಬಸ್ಸು ಬದಲಿಸಿ ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.

"ಒಂದ್ ಮಾತು ಹೇಳ್ಬೇಕಿತ್ತು ಕಣವ್ವ."

"ಮೊದಲು ಬಾಯಿ ತೆಗೀರಿ ತಾತ," ಎಂದು ಅಮೂಲ್ಯ ಅವನ ಬಾಯಿಗೇ ಮೈಸೂರುಪಾಕನ್ನು ಇಟ್ಟಿದ್ದಳು. "ಇವತ್ತು ಬೆಳಿಗ್ಗೆ ಆರ್ಡರ್ ಬಂತು. ನನ್ನ ಕೆಲಸ ಕಾಯಂ ಆಯ್ತು. ನಿಮ್ಮ ಮರದಿಂದ! ಎಂಟು ವರ್ಷ ಆರಾರು ತಿಂಗಳಿಗೆ ಸಹಿ ಹಾಕಿಸಿಕೊಂಡು ನಿಂತಿದ್ದೆ. ನಮ್ಮಮ್ಮ ಚನ್ನಪಟ್ಟಣದಲ್ಲಿ ಬೀದಿಗೆಲ್ಲ ಸಿಹಿ ಹಂಚ್ತಿದಾರೆ."

ಅವನು ಸಿಹಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತ. ಸಹೋದ್ಯೋಗಿಗಳು ಬಂದು ಅವನ ಕೈ ಕುಲುಕಿದರು. ಒಬ್ಬಾತ ಅವನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ.

"ಏನೋ ಹೇಳ್ಬೇಕು ಅಂದ್ರಲ್ಲ ತಾತ?"

"ಏನಿಲ್ಲ ಕಣವ್ವ. ನಿನ್ನ ನೋಡ್ಕೊಂಡ್ ಹೋಗೋವ ಅಂತ ಬಂದೆ."

ಆಮೇಲೆ ನೋಂದಣಿಯ ಕಚೇರಿಯಿಂದ ಕಾಗದ ಬಂತು. ತಳಿಯನ್ನು ರೈತರಿಗೆ ಹಂಚುವ ಮುನ್ನ ಮುಂದಿನ ಫಸಲಿಗೆ ಮೂವರು ಬಂದು, ತಾವೇ ಮರ ಹತ್ತಿಸಿ, ಮೇಲಿನ ಕೊಂಬೆಯ ಎಲೆಯನ್ನು ಮತ್ತೊಮ್ಮೆ ಕೀಳಿಸಿ ಪರೀಕ್ಷಿಸುವರು ಎಂದು ಅದರಲ್ಲಿತ್ತು. ಬರಿಯ ವಿಧಿ, ಭಯಪಡುವಂಥದ್ದಲ್ಲ ಎಂದು ಅಮೂಲ್ಯ ಅದನ್ನು ಫೋನಿನಲ್ಲಿ ಲಿಂಗಯ್ಯನಿಗೆ ಓದಿ ಹೇಳಿದಳು. ಅವನು, "ಆಗ್ಲಿ ಕಣವ್ವ," ಎಂದ.

ಫಸಲಿನ ಹೊತ್ತಿಗೆ ಮರ ಬಾಡುತ್ತಿತ್ತು. ಹೂವು ಉದುರಿತು, ಎಲೆ ಮುರುಟಿತು. ಅವಳು ಓಡಿಬಂದಾಗ ಲಿಂಗಯ್ಯ ಬುಡಕ್ಕೆ ಮೊಳಕಾಲುದ್ದ ಹೊಸ ಮಣ್ಣು ಏರಿಸಿದ್ದ. ಬೇರಿಗೆ ತಂಪಾಗಲಿ ಎಂದು ಹಾಕಿದೆ ಎಂದ. ನಾಲ್ಕು ಕುಡಿಯನ್ನಾದರೂ ಉಳಿಸಿಕೊಳ್ಳೋಣ, ಬೇರೆ ಗಿಡಕ್ಕೆ ಕಟ್ಟಿಕೊಡಿ ಎಂದು ಅವಳು ಬೇಡಿಕೊಂಡಳು.

"ರೋಗದ ಮರದ ಕುಡಿ ಕಟ್ಬಾರ್ದು. ಆ ರೋಗ ತೋಟಕ್ಕೆಲ್ಲ ಹತ್ಕೋತದೆ," ಎಂದು ಲಿಂಗಯ್ಯ ತಲೆಯಾಡಿಸಿದ. ಎಲೆ ಕೀಳಲೂ ಬಿಡಲಿಲ್ಲ. ಐವತ್ತು ವರ್ಷ ಕಸಿ ಕಟ್ಟಿದವನ ಮಾತು, ಅವಳು ಒಪ್ಪಿದಳು. ಮೂವರು ಪರೀಕ್ಷಕರು ಬರುವುದು ನಿಂತಿತು. ದಾಖಲೆಯಲ್ಲಿ 'ಮೂಲವೃಕ್ಷ ರೋಗದಿಂದ ನಾಶ' ಎಂದು ಬರೆಯಲಾಯಿತು. ಹೆಸರು ಉಳಿಯಿತು. ಅವಳ ಕೆಲಸವೂ ಉಳಿಯಿತು.

•

ಚಿತೆಯನ್ನು ಹೊಲದ ಮೂಲೆಯಲ್ಲಿ ಒಟ್ಟಿದ್ದರು. ಚಟ್ಟ ಇಳಿಸಿದ ಮೇಲೆ ಎಲ್ಲರೂ ಬಾಯಿಗೆ ಅಕ್ಕಿ ಹಾಕಿ ಹಿಂದೆ ಸರಿದರು. ಕಡೆಯದಾಗಿ ಬುಡದ ದಪ್ಪ ಬೊಡ್ಡೆಯೊಂದು ಉಳಿದಿತ್ತು. ಮುಜೀಬನೂ ಇನ್ನಿಬ್ಬರೂ ಅದನ್ನು ಉರುಳಿಸಿಕೊಂಡು ತಂದರು.

"ಹುಚ್ಚಯ್ಯಣ್ಣ, ಇಲ್ಲಿ ನೋಡಿ. ಹುಳದ ರೋಗ ಬಂದು ಒಣಗ್ತು ಅಂದಿದ್ರಿ, ಒಂದು ತೂತೂ ಇಲ್ಲ. ಇದೇನಿದು, ಉಡದಾರ ಕಟ್ಟಿದಂಗೆ?"

ಬೊಡ್ಡೆಯ ಅಡಿಯಲ್ಲಿ, ಇಷ್ಟು ದಿನ ಮಣ್ಣಿನೊಳಗೆ ಹುದುಗಿದ್ದ ಕಡೆ, ಒಂದು ಗೇಣಗಲದ ಪಟ್ಟಿಯಷ್ಟು ತೊಗಟೆ ಸುತ್ತಲೂ ಇರಲಿಲ್ಲ. ಗೆದ್ದಲು ತಿಂದದ್ದಲ್ಲ, ಕೊಡಲಿಯ ಏಟಲ್ಲ. ಮೇಲಿನ ಅಂಚೂ ಕೆಳಗಿನ ಅಂಚೂ ನೂಲು ಹಿಡಿದು ಗೆರೆ ಎಳೆದಂತೆ ನೇರವಾಗಿದ್ದವು. ನಡುವಿನ ಮರ ನಯವಾಗಿತ್ತು. ತೆಳುವಾದ ಸಿಪ್ಪೆಯ ಪೊರೆಯನ್ನೂ ಬಿಡದೆ ಹೆರೆಯಲಾಗಿತ್ತು. ತೊಗಟೆ ಹಾಗೆ ಪೂರ್ತಿಯಾಗಿ ಸುತ್ತು ಕಳೆದುಕೊಂಡರೆ ಎಲೆಯ ಅನ್ನ ಬೇರಿಗೆ ಇಳಿಯುವುದಿಲ್ಲ. ಬೇರು ಉಪವಾಸದಿಂದ ಸಾಯುತ್ತದೆ, ಆಮೇಲೆ ಮರ. ಕೂಡಿಸುವುದನ್ನು ಬಲ್ಲ ಕೈಗೆ ಮಾತ್ರ ಬಿಡಿಸುವುದು ಇಷ್ಟು ಚೊಕ್ಕಟವಾಗಿ ಬರುತ್ತದೆ.

ಹುಚ್ಚಯ್ಯ ಬಗ್ಗಿ ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅವನ ಮುಖ ಕಲ್ಲಾಯಿತು. ತಲೆಯೆತ್ತಿದಾಗ ಎದುರಿಗೆ ಅಮೂಲ್ಯ ನಿಂತಿದ್ದಳು.

"ಅವ್ನ ಚಾಕು ಇದು," ಎಂದ, ಅವಳಿಗಷ್ಟೇ ಕೇಳುವಂತೆ. "ಯಾಕಿಂಗ್ ಮಾಡ್ದ ನನ್ ಮಗ? ನಿನಗೇನಾರ ಗೊತ್ತಾ ತಾಯಿ?"

ಹೇಳುವುದಾದರೆ ತಾನು ನಕ್ಕ ಆ ಶನಿವಾರವನ್ನು ಹೇಳಬೇಕು. ಆ ಮೈಸೂರುಪಾಕನ್ನು ಹೇಳಬೇಕು. ಇಲ್ಲಿ ಕೂಡಿರುವವರ ಮುಂದೆ ಹೆಣದ ಹೆಸರನ್ನು ಕಿತ್ತುಕೊಳ್ಳಬೇಕು. ಅವಳು ಗೋಣಾಡಿಸಿದಳು, ಇಲ್ಲ ಎಂದು.

ಹುಚ್ಚಯ್ಯ ಅವಳನ್ನೇ ಒಂದು ಗಳಿಗೆ ನೋಡಿ, ಮುಜೀಬನ ಕಡೆ ತಿರುಗಿದ.

"ಎಂಥದ್ದೂ ಇಲ್ಲ ಕಣ್ಲಾ, ಹಗ್ಗ ಕಟ್ಟಿದ ಗುರುತು. ಆ ಮಗ್ಗುಲು ಒಳಕ್ಕೆ ಮಾಡಿ ಇಡ್ರಪ್ಪ."

ಮೂವರಿಂದ ಬೊಡ್ಡೆ ಏಳಲಿಲ್ಲ. ಅಮೂಲ್ಯ ಹೋಗಿ ಕೈ ಕೊಟ್ಟಳು. ಹೆಂಗಸರು ಚಿತೆ ಮುಟ್ಟುವುದುಂಟೇ ಎಂದು ಯಾರೋ ಗೊಣಗಿದರು. ಮಗಳಿದ್ದಂಗೆ ಬುಡಿ ಎಂದು ಇನ್ಯಾರೋ ಹೇಳಿದರು. ಪ್ರಕಾಶ್ ಮಡಕೆ ಹೊತ್ತು ಮೂರು ಸುತ್ತು ಬಂದ. ಒಣಗಿ ವರ್ಷವಾದ ಮರ ತುಪ್ಪವನ್ನೂ ಕಾಯದೆ ಹೊತ್ತಿಕೊಂಡಿತು.

•

ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದವರು ಒಬ್ಬೊಬ್ಬರಾಗಿ ಮನೆಯೊಳಗೆ ಹೋಗಿ, ಲಿಂಗಯ್ಯ ಪ್ರಾಣ ಬಿಟ್ಟ ಕಡೆ ಉರಿಯುತ್ತಿದ್ದ ದೀಪವನ್ನು ನೋಡಿ, ಕೈಮುಗಿದು ಹೊರಬರುತ್ತಿದ್ದರು. ಅಮೂಲ್ಯಳೂ ದೀಪ ನೋಡಿ ಹೊರಡುವಾಗ ಪ್ರಕಾಶ್ ತಡೆದ.

"ಮೇಡಂ, ತಪ್ಪು ತಿಳೀಬ್ಯಾಡಿ. ಮರಾನೂ ಹೋಯ್ತು, ಅಪ್ಪನೂ ಹೋದ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಹಂಗೇ ಐತೆ ಅಂತಿದ್ರಲ್ಲ? ನೆಂಟರೆಲ್ಲ ಅವ್ರೆ. ಒಂದ್ಸಲ ತೋರಿಸಿ."

"ಇವತ್ತು ಬೇಡ ಪ್ರಕಾಶ್."

"ತೋರ್ಸವ್ವಾ," ಎಂದಳು ಒಳಗಿನಿಂದ ದೊಡ್ಡಲಕ್ಷ್ಮಮ್ಮ. "ಇನ್ ಯಾವತ್ತು ನೋಡ್ಲಿ ನಾನು?"

ಅವಳು ಚೀಲ ತೆರೆದು, ಲ್ಯಾಪ್‌ಟಾಪನ್ನು ದೀಪದ ಪಕ್ಕದ ಮಣೆಯ ಮೇಲಿಟ್ಟು, ಕಡತವನ್ನು ತೆರೆದಳು. ಬಿಳಿಯ ಪರದೆಯ ತುಂಬ ನಾಲ್ಕೇ ಅಕ್ಷರಗಳ ಸಾಲು, ಸಾಲಿನ ಕೆಳಗೆ ಸಾಲು. ಜನ ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಗದ್ದಲ ಅಡಗಿತು. ಮೊದಲು ಒಬ್ಬ ಮುದುಕ ತಲೆಯ ವಸ್ತ್ರ ತೆಗೆದು ಕೈಮುಗಿದ. ಅವನ ಹಿಂದಿನವರು ಮುಗಿದರು. ಹುಚ್ಚಯ್ಯ ಬಾಗಿಲ ಹೊರಗೇ ನಿಂತಿದ್ದ.

"ಇದೇನಾ ನಮ್ಮ ಮರ?" ಎಂದು ದೊಡ್ಡಲಕ್ಷ್ಮಮ್ಮ ಕೇಳಿದಳು.

"ಹೂಂ ಅಜ್ಜಿ."

ಮುದುಕಿ ತೆವಳಿಕೊಂಡು ಹತ್ತಿರ ಬಂದು, ಬಲಗೈಯ ಬೆರಳುಗಳಿಂದ ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆರಳು ತಾಕಿದ್ದಕ್ಕೆ ಸಾಲುಗಳು ಕದಲಿ ಮೇಲಕ್ಕೆ ಹರಿಯತೊಡಗಿದವು. ಅವಳು ಹೆದರಿ ಕೈ ಹಿಂದೆಗೆದಳು. ಆಮೇಲೆ ಮಲಗಿದವರ ತಲೆ ಸವರುವಂತೆ ಮತ್ತೆ ಮುಟ್ಟಿದಳು. ಅವು ಹರಿಯುತ್ತಲೇ ಹೋದವು, ಕೋಟಿ ಕೋಟಿ, ಯಾರೋ ಉಂಡು ಬೀಸಾಡಿದ ಒಂದು ವಾಟೆಯ ಅಕ್ಷರಗಳು. ಹಿಂದೆ ನಿಂತವರು ಮಂಗಳಾರತಿಗೆ ಕಾಯುವವರಂತೆ ಕತ್ತು ಚಾಚಿ, ತಮ್ಮ ಸರದಿಯನ್ನು ಕಾಯುತ್ತಿದ್ದರು.